ನಾಲ್ಕು ಉಂಟಾ, ಇಲ್ವಾ?

ಕೇಳುಗರಿಗೆ ನಮಸ್ಕಾರ.

ಇವತ್ತು ನನಗೆ ಕೊಟ್ಟ ವಿಷಯದ ಹೆಸರು ಸ್ವಲ್ಪ ಹೆದರಿಸುವಂಥದ್ದು. ‘ಬಿಟ್‌ವೈಸ್ ಕ್ರಿಯೆಗಳಿಂದ ಒಂದೊಂದು ಬಿಟ್ಟನ್ನು ಪರೀಕ್ಷಿಸುವುದು’. ಹೆಸರು ಕೇಳಿ ರೇಡಿಯೋ ಆಫ್ ಮಾಡಬೇಡಿ. ಮಾತು ಮುಖ್ಯವಾಗಿ ಪಾಲಿಟೆಕ್ನಿಕ್, ಬಿಸಿಎ ಓದುವ ಮಕ್ಕಳಿಗೆ ಹೌದು. ಆದರೆ ಈ ಹೊತ್ತಿಗೆ ರೇಡಿಯೋ ಪಕ್ಕದಲ್ಲಿ ನಿಂತು ನೀರುದೋಸೆ ಹೊಯ್ಯುವವರೇ ಹೆಚ್ಚು ಅಂತ ನನಗೆ ಗೊತ್ತುಂಟು. ಅವರಿಗೆ ಅರ್ಥ ಆಗದಿದ್ದರೆ ತಪ್ಪು ನನ್ನದು, ದೋಸೆಯದ್ದಲ್ಲ.

ಹೇಳ್ಲಿಕ್ಕೆ ಇರುವುದು ಒಂದೇ ಮಾತು. ಒಂದನ್ನು ನೋಡ್ಬೇಕಾದರೆ ಉಳಿದದ್ದನ್ನು ಮುಚ್ಚಿ, ಅದೊಂದನ್ನೇ ಕೇಳಿ. ಇಷ್ಟೇ. ಮೂವತ್ತು ವರ್ಷ ಕ್ಲಾಸಿನಲ್ಲಿ ಇದನ್ನೇ ಹೇಳಿದ್ದೇನೆ, ಇನ್ನೂ ಪರೀಕ್ಷೆಯಲ್ಲಿ ತಪ್ಪಾಗಿಯೇ ಬರೀತಾರೆ.

ಹಿಂದೆ ಅಂಗಡಿಯ ತಕ್ಕಡಿ ಪಕ್ಕ ತೂಕದ ಕಲ್ಲುಗಳ ಸಾಲು ಇರ್ತಿತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ನಮ್ಮ ಅಂಗಡಿಯಲ್ಲಿ ನಾಲ್ಕೇ ಕಲ್ಲು: 1 ಕಿಲೋದ್ದು, 2ರದ್ದು, 4ರದ್ದು, 8ರದ್ದು. ಒಂದೊಂದೇ ಉಂಟು, ಎರಡನೆಯದು ಇಲ್ಲ. ಗಿರಾಕಿ ಬಂದು 13 ಕಿಲೋ ಅಕ್ಕಿ ಕೇಳಿದ. ಏನು ಹಾಕ್ತೀರಿ? 8, 4, 1. ಬೇರೆ ದಾರಿಯೇ ಇಲ್ಲ. 6 ಕೇಳಿದರೆ 4 ಮತ್ತು 2. ಯಾವ ತೂಕ ಹೇಳಿದರೂ ಯಾವ ಕಲ್ಲು ತಕ್ಕಡಿಯಲ್ಲಿ ಉಂಟು, ಯಾವುದು ಇಲ್ಲ ಅಂತ ಒಂದೇ ಉತ್ತರ. ಕಲ್ಲು ಇದ್ದರೆ 1, ಇಲ್ಲದಿದ್ದರೆ 0. ಈ ಒಂದೊಂದು ‘ಉಂಟು-ಇಲ್ಲ’ವೇ ಬಿಟ್. ಕಂಪ್ಯೂಟರ್ ಇಂಥ ಎಂಟನ್ನು ಸಾಲಾಗಿ ಇಟ್ಟು ಬೈಟ್ ಅಂತ ಕರೀತದೆ. ಬೆಲೆ 1ರಿಂದ 128ರವರೆಗೆ ಇಮ್ಮಡಿ ಇಮ್ಮಡಿ ಆಗ್ತಾ ಹೋಗ್ತದೆ, ಎಂಟೂ ಇದ್ದರೆ ಒಟ್ಟು 255.

ಶಾಲೆಯಲ್ಲಿ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿದವರಿಗೆ ಇದು ಹೊಸತೇನಲ್ಲ. ಮೂರು ಅಕ್ಷರ, ಒಂದೊಂದೂ ಲಘುವೋ ಗುರುವೋ, ಹಾಗಾಗಿ ಗಣ ಎಂಟೇ, ಒಂಬತ್ತನೆಯದು ಹುಟ್ಟುವುದಿಲ್ಲ. ಮೂರು ಬಿಟ್ಟಿನ ಲೆಕ್ಕ ಕನ್ನಡ ಮಾಷ್ಟ್ರು ನಮಗೆ ಮೊದಲೇ ಹೇಳಿಕೊಟ್ಟಿದ್ದರು. ನಾವು ಮಾರ್ಕಿಗೆ ಬರೆದು ಮರೆತೆವು.

ಈಗ ಪ್ರಶ್ನೆ. ನನ್ನ ಹತ್ತಿರ 13 ಎಂಬ ಸಂಖ್ಯೆ ಉಂಟು. ಅದರೊಳಗೆ 4ರ ಕಲ್ಲು ಉಂಟಾ, ಇಲ್ವಾ? ಕಂಪ್ಯೂಟರನ್ನು ಹೇಗೆ ಕೇಳುವುದು?

ಇದಕ್ಕೆ ಆಂಡ್ ಅಂತ ಒಂದು ಕ್ರಿಯೆ. ತೋಟದ ಪಂಪ್ ನೋಡಿ. ಮೇನ್ ಸ್ವಿಚ್ಚೂ ಆನ್ ಇರ್ಬೇಕು, ಸ್ಟಾರ್ಟರೂ ಆನ್ ಇರ್ಬೇಕು, ಆಗ ನೀರು. ಯಾವುದೊಂದು ಇಲ್ಲದಿದ್ದರೂ ಇಲ್ಲ. ಆಂಡ್ ಅಂದ್ರೆ ಅಷ್ಟೇ. ಈ ಉಂಟು-ಇಲ್ಲದ ತರ್ಕವನ್ನು ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ಪುಸ್ತಕ ಮಾಡಿದರು, ಎಂಜಿನಿಯರ್ ಕ್ಲಾಡ್ ಶಾನನ್ 1937ರಲ್ಲಿ ಅದನ್ನು ರಿಲೇ ಸ್ವಿಚ್ಚಿಗೆ ಹೊಂದಿಸಿ ತೋರಿಸಿದರು. ನಮ್ಮ ಮೊಬೈಲಿನವರೆಗೆ ಬಂದದ್ದು ಆ ದಾರಿ.

8ರ ಕಲ್ಲಿನಿಂದ ಶುರು ಮಾಡಿ ಬರೆದರೆ, 13 ಅಂದ್ರೆ ‘ಒಂದು ಒಂದು ಸೊನ್ನೆ ಒಂದು’. ಅದರ ಕೆಳಗೆ 4 ಬರೆಯಿರಿ, ‘ಸೊನ್ನೆ ಒಂದು ಸೊನ್ನೆ ಸೊನ್ನೆ’. ಮೇಲಿನದೂ 1, ಕೆಳಗಿನದೂ 1 ಇದ್ದ ಮನೆಯಲ್ಲಿ ಮಾತ್ರ 1. ಉಳಿದ ಮನೆಗಳಲ್ಲಿ ಕೆಳಗೆ ಸೊನ್ನೆ ಇದೆಯಲ್ಲ, ಮೇಲೆ ಏನಿದ್ದರೂ ಅಳಿಸಿಹೋಯ್ತು. ಉಳಿದದ್ದು 4ರ ಮನೆಯೊಂದೇ. ಉತ್ತರ 4 ಬಂದರೆ ಉಂಟು, 0 ಬಂದರೆ ಇಲ್ಲ. ಕೆಳಗೆ ಬರೆದ ಆ 4ಕ್ಕೆ ಮಾಸ್ಕ್ ಅಂತ ಹೆಸರು. ಕೊರೊನಾ ಕಾಲದ ಮಾಸ್ಕ್ ಅಲ್ಲ, ಆದರೆ ಕೆಲಸ ಅದೇ, ಮುಚ್ಚುವುದು. ಉಳಿದದ್ದನ್ನು ಮುಚ್ಚಿ, ಒಂದನ್ನೇ ಕೇಳುವುದು.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಕೇಳಿದರೆ ನಾನು ಮಲ್ಪೆಯ ಒಂದು ಕಥೆ ಹೇಳ್ಬೇಕು. ಸ್ವಲ್ಪ ಉದ್ದ ಉಂಟು, ಸಹಿಸಿಕೊಳ್ಳಿ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನ ಧಣಿಗಳು ನನ್ನನ್ನು ಕರೆದರು. ರಾತ್ರಿ ಕೆಲಸಗಾರರು ನಿದ್ದೆ ಹೋದರೆ ಮೆಷಿನ್ನಿಗೆ ಏನಾದರೂ ಆದಾಗ ಗೊತ್ತಾಗುವುದಿಲ್ಲ, ಒಂದು ಸೈರನ್ ಮಾಡಿಕೊಡಿ ಅಂತ. ನನಗೆ ಆಗ ಹುರುಪು. 8051 ಅಂತ ಒಂದು ಚಿಪ್, ಇಂಟೆಲಿನವರು 1980ರಲ್ಲಿ ತಂದದ್ದು, ಅದರ ಒಂದು ಪೋರ್ಟಿಗೆ, ಅಂದ್ರೆ ಹೊರಗಿನ ವಯರ್ ಸೇರಿಸುವ ಜಾಗಕ್ಕೆ, ಎಂಟು ಕಾಲು. ಒಂದೊಂದು ಕಾಲಿಗೆ ಒಂದೊಂದು ವಯರ್ ಎಳೆದೆ. ಮೊದಲನೆಯದು, ಬೆಲೆ 1: ವೋಲ್ಟೇಜ್ ಬಿದ್ದರೆ. ಎರಡನೆಯದು, ಬೆಲೆ 2: ಕಂಪ್ರೆಸರಿನ ಆಯಿಲ್ ಪ್ರೆಶರ್ ಇಳಿದರೆ. ಮೂರನೆಯದು, ಬೆಲೆ 4: ಕಂಡೆನ್ಸರಿಗೆ ಹೋಗುವ ತಂಪು ನೀರು ನಿಂತರೆ. ನಾಲ್ಕನೆಯದು, ಬೆಲೆ 8: ಉಪ್ಪುನೀರಿನ ಟ್ಯಾಂಕ್ ಕಲಕುವ ಮೋಟರ್ ನಿಂತರೆ. ಉಳಿದ ಕಾಲುಗಳು ಖಾಲಿ. ವೋಲ್ಟೇಜ್ ಬೀಳುವುದು ದಿನಾ ಇದ್ದದ್ದೇ, ಅದಕ್ಕೆ ಒಂದು ಕೆಂಪು ದೀಪ ಸಾಕು, ನೀರು ನಿಂತರೆ ಮಾತ್ರ ಸೈರನ್ ಅಂತ ಧಣಿಗಳ ಅಪ್ಪಣೆ.

ನಾನು ಪ್ರೋಗ್ರಾಂ ಬರೆದೆ. ಏನು ಬರೆದೆ? ‘ಸ್ಟೇಟಸ್ 4ಕ್ಕೆ ಸಮ ಆದರೆ ಸೈರನ್ ಕೂಗು’. ಸ್ಟೇಟಸ್ ಅಂದ್ರೆ ತೊಂದರೆ ತೋರಿಸುವ ಕಾಲುಗಳ ಬೆಲೆಯ ಒಟ್ಟು. ಕೇಳ್ಳಿಕ್ಕೆ ಸರಿ ಉಂಟಲ್ಲ? ನೀರಿನ ಪಂಪ್ ಬಂದ್ ಮಾಡಿ ತೋರಿಸಿದೆ, ಸೈರನ್ ಕೂಗಿತು. ಚಾ, ಗೋಳಿಬಜೆ ಆಯ್ತು, ಮನೆಗೆ ಬಂದೆ. ಏಳೆಂಟು ತಿಂಗಳು ಏನೂ ತೊಂದರೆ ಇಲ್ಲ.

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯಿತು. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಬೋಟುಗಳೆಲ್ಲ ಒಟ್ಟಿಗೆ ಕಡಲಿಗೆ ಇಳಿಯುವ ಹೊತ್ತು. ಆಗ ಐಸಿಗೆ ಎಂಥ ಬೇಡಿಕೆ ಅಂತ ಮಲ್ಪೆಯವರಿಗೆ, ಬಂದರಿನವರಿಗೆ ಹೇಳಬೇಕಾಗಿಲ್ಲ. ಒಂದು ದಿನ ಬೆಳಿಗ್ಗೆ ಐದು ಗಂಟೆಗೆ ಪ್ಲಾಂಟ್ ನೋಡಿಕೊಳ್ಳುವವರ ಫೋನು. “ಮಾಷ್ಟ್ರೆ, ಒಮ್ಮೆ ಬನ್ನಿ. ಇಲ್ಲಿ ಐಸ್ ಇಲ್ಲ, ನೀರು ಉಂಟು.”

ಹೋಗಿ ನೋಡಿದೆ. ನೀರು ತುಂಬಿ ಉಪ್ಪುನೀರಿನ ಟ್ಯಾಂಕಿಗೆ ಇಳಿಸಿದ ಕ್ಯಾನಿನ ಸಾಲನ್ನು ಹಾಯ್ಸ್ಟಿನಲ್ಲಿ ಎತ್ತಿ, ಸಾದಾ ನೀರಿಗೆ ಒಮ್ಮೆ ಅದ್ದಿ, ಹಲಗೆಗೆ ಓರೆ ಮಾಡ್ತಾರೆ. ಐಸಿನ ಬ್ಲಾಕ್ ಜಾರಿಕೊಂಡು ಧಡ್ ಅಂತ ಬರ್ಬೇಕು. ಅವತ್ತು ಜಾರಿತು, ಮಧ್ಯದಲ್ಲಿ ಟಪ್ ಅಂತ ಒಡೆಯಿತು, ಒಳಗಿಂದ ನೀರು ನಮ್ಮ ಕಾಲ ಮೇಲೆ ಸುರಿಯಿತು. ಐಸ್ ಕಟ್ಟುವುದು ಹೊರಗಿನಿಂದ ಒಳಗೆ. ಅರ್ಧದಲ್ಲಿ ತಂಪು ನಿಂತರೆ ಹೊರಗೆ ನಾಲ್ಕು ಬೆರಳು ದಪ್ಪದ ಗೋಡೆ, ಒಳಗೆ ನೀರು. ಬೊಂಡದ ಹಾಗೆ! ಸಾಲು ಸಾಲು ಬೊಂಡ.

ರಾತ್ರಿ ನಡೆದದ್ದು ಇಷ್ಟು. ವೋಲ್ಟೇಜ್ ಬಿತ್ತು. ವೋಲ್ಟೇಜ್ ಬಿದ್ದದ್ದಕ್ಕೇ ನೀರಿನ ಪಂಪೂ ನಿಂತಿತು. ಪುಣ್ಯಕ್ಕೆ ಕಂಪ್ರೆಸರಿಗೆ ಅದರದ್ದೇ ಪ್ರೆಶರ್ ಕಟ್-ಔಟ್ ಇತ್ತು, ತಾನಾಗಿ ಆಫ್ ಆಯ್ತು, ದೊಡ್ಡ ಅನಾಹುತ ಏನೂ ಆಗ್ಲಿಲ್ಲ. ಆದರೆ ನನ್ನ ಸೈರನ್ ಎಲ್ಲಿ? ಸ್ಟೇಟಸಿನಲ್ಲಿ 1 ಉಂಟು, 4 ಉಂಟು, ಒಟ್ಟು 5. ನನ್ನ ಪ್ರೋಗ್ರಾಂ ಕೇಳಿತು, “ಇದು 4ಕ್ಕೆ ಸಮವಾ?” ಅಲ್ಲ, 5. “ಹಾಗಾದ್ರೆ ಏನೂ ತೊಂದರೆ ಇಲ್ಲ” ಅಂತ ಸುಮ್ಮನೆ ಕೂತಿತು.

ಧಣಿಗಳು ಬೈಯಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಆ ನೀರಿನಲ್ಲೇ ನಿಂತು ಕೇಳಿದರು, “ಒಂದು ತೊಂದರೆ ಬಂದ್ರೆ ಬೊಬ್ಬೆ ಹೊಡೀತದೆ. ಎರಡು ಒಟ್ಟಿಗೆ ಬಂದ್ರೆ ನಿಮ್ಮ ಮೆಷಿನ್ ಬಾಯಿ ಮುಚ್ಚಿ ಕೂರ್ತದಾ ಮಾಷ್ಟ್ರೆ?”

ಇಷ್ಟು ಚೆನ್ನಾಗಿ ಈ ತಪ್ಪನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಕೇಳಬೇಕಾದದ್ದು ‘4 ಉಂಟಾ’ ಅಂತ, ಕೇಳಿದ್ದು ‘4 ಮಾತ್ರವೇ ಇರುವುದಾ’ ಅಂತ. ಉಳಿದದ್ದನ್ನು ಮುಚ್ಚಲಿಲ್ಲ. (8051ನಲ್ಲಿ ಒಂದೊಂದು ಕಾಲಿಗೆ ಹೆಸರಿಟ್ಟು ನೇರವಾಗಿ ಕೇಳುವ ಸೌಲಭ್ಯವೂ ಉಂಟು. ನಾನು ಅದನ್ನೂ ಬಳಸಿರಲಿಲ್ಲ. ಹುರುಪು, ಹೇಳಿದೆನಲ್ಲ.)

ಕಥೆ ಮುಗೀಲಿಲ್ಲ. ಅಲ್ಲೇ ಕೂತು ಗಡಿಬಿಡಿಯಲ್ಲಿ ತಿದ್ದಿದೆ: ‘ಸ್ಟೇಟಸ್ ಆಂಡ್ 4 ಸಮ 4’. ಬ್ರ್ಯಾಕೆಟ್ ಹಾಕಲಿಲ್ಲ. ನಾನು ಪ್ರೋಗ್ರಾಂ ಬರೆದದ್ದು ಸಿ ಎಂಬ ಭಾಷೆಯಲ್ಲಿ. ಅದು ಏನು ಮಾಡ್ತದೆ ಗೊತ್ತುಂಟಾ? ‘4 ಸಮ 4’ ಅನ್ನುವುದನ್ನು ಮೊದಲು ನೋಡ್ತದೆ. 4ಕ್ಕೆ 4 ಸಮವಾ? ಹೌದು. ಹೌದು ಅಂದ್ರೆ ಸಿಯಲ್ಲಿ 1. ಆಮೇಲೆ ‘ಸ್ಟೇಟಸ್ ಆಂಡ್ 1’. 1 ಯಾವುದು? ವೋಲ್ಟೇಜ್! ನಾನು ಪಂಪ್ ಬಂದ್ ಮಾಡಿ ನೋಡದೆ ಮನೆಗೆ ಬಂದಿದ್ದೆ, ಈಗಲೂ ನಾಚಿಕೆ ಆಗ್ತದೆ. ಅವತ್ತಿನಿಂದ ವೋಲ್ಟೇಜ್ ಒಂಚೂರು ಬಿದ್ದರೂ ಸೈರನ್. ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಮೂರೂವರೆಗೆ. ಯಾರದ್ದೋ ಬೋಟ್ ಮುಳುಗಿತು ಅಂತ ನೆರೆಯವರು ಟಾರ್ಚ್ ಹಿಡಿದು ಓಡಿ ಬಂದರಂತೆ. ವಾರ ಬಿಟ್ಟು ನಾನು ಹೋದಾಗ ಕೆಲಸದವರು ಸೈರನ್ನಿಗೆ ಎರಡು ಗೋಣಿಚೀಲ ಸುತ್ತಿ, ಮೇಲಿಂದ ಬಲೆಯ ಹಗ್ಗ ಬಿಗಿದಿದ್ದರು. ನಾನು ಮುಚ್ಚಬೇಕಾದದ್ದನ್ನು ಮುಚ್ಚಲಿಲ್ಲ, ಅವರು ಸೈರನ್ನನ್ನೇ ಮುಚ್ಚಿದ್ದರು.

ಇದರಲ್ಲಿ ಸಿ ಭಾಷೆಯ ತಪ್ಪೂ ಸ್ವಲ್ಪ ಉಂಟು ಅಂತ ನಾನು ಸಮಾಧಾನ ಮಾಡಿಕೊಳ್ತೇನೆ. ಆ ಭಾಷೆ ಕಟ್ಟಿದ ಡೆನಿಸ್ ರಿಚ್ಚಿಯವರೇ ಆಮೇಲೆ ಬರೆದಿದ್ದಾರೆ, ಆಂಡ್ ಸಮಕ್ಕಿಂತ ಮೊದಲು ಬರುವ ಹಾಗೆ ಮಾಡಿದ್ದರೆ ಒಳ್ಳೆಯದಿತ್ತು ಅಂತ. ಆದರೆ ಹಳೆಯ ಭಾಷೆಯಿಂದ ಬಂದ ಪದ್ಧತಿ, ಆಗಲೇ ಬರೆದ ಪ್ರೋಗ್ರಾಂ ಹಾಳಾಗಬಾರದು ಅಂತ ಹಾಗೇ ಬಿಟ್ಟರು. ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಆಂಡೇ ಮೊದಲು. ನೀವು ಯಾವುದರಲ್ಲಿ ಬರೆದರೂ ಬ್ರ್ಯಾಕೆಟ್ ಹಾಕಿ ಮಾರಾಯ್ರೆ, ಬ್ರ್ಯಾಕೆಟಿಗೆ ದುಡ್ಡು ಕೊಡ್ಲಿಕ್ಕಿಲ್ಲ.

ಇನ್ನೂ ಮೂರು ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಐಸಿನಲ್ಲಿ ಸಮಯ ಕರಗಿತು. ಬೇಗ ಬೇಗ ಹೇಳ್ತೇನೆ.

ಉತ್ತರವನ್ನು 1ಕ್ಕೆ ಹೋಲಿಸಬೇಡಿ. 4ರ ಜೊತೆ ಆಂಡ್ ಮಾಡಿದರೆ ಬರುವುದು 4 ಅಥವಾ 0, ಅಲ್ಲಿ 1 ಎಲ್ಲಿಂದ ಬರ್ತದೆ? ಸೊನ್ನೆಯಾ, ಅಲ್ವಾ ಅಂತ ಮಾತ್ರ ಕೇಳಿ.

ಮಾಸ್ಕ್ ತಯಾರು ಮಾಡ್ಲಿಕ್ಕೆ, 1ನ್ನು ಎಡಕ್ಕೆ ಬೇಕಾದಷ್ಟು ಮನೆ ಸರಿಸಿ. ಎರಡು ಮನೆ ಸರಿಸಿದರೆ 4, ಮೂರು ಸರಿಸಿದರೆ 8. ಉಡುಪಿಯವರಿಗೆ ಇದನ್ನು ವಿವರಿಸಬೇಕಾ? ಎಂಟು ಮಠ, ಕೃಷ್ಣನ ಪೂಜೆಯ ಸರದಿ ಒಂದು ಹೊತ್ತಿಗೆ ಒಂದೇ ಮಠಕ್ಕೆ. ಎರಡು ವರ್ಷಕ್ಕೊಮ್ಮೆ ಪರ್ಯಾಯ ಆಗಿ ಆ ‘ಒಂದು’ ಪಕ್ಕದ ಮನೆಗೆ ಸರೀತದೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಹೀಗೆ. ಪೇಜಾವರದ ನಂತರ ಮತ್ತೆ ಪಲಿಮಾರು. ಕಂಪ್ಯೂಟರಿನಲ್ಲಿ ಹೀಗೆ ಸರಿಸಿದರೆ ತಿರುಗಿ ಬರುವುದಿಲ್ಲ, ಅಂಚು ದಾಟಿದ್ದು ಬಿದ್ದೇ ಹೋಗ್ತದೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಫೈಲಿಗೆ 644 ಅಂತ ಇರ್ತದಲ್ಲ, ಅದೂ ತೂಕದ ಕಲ್ಲೇ. ಓದ್ಲಿಕ್ಕೆ 4, ಬರೀಲಿಕ್ಕೆ 2, ಓಡಿಸ್ಲಿಕ್ಕೆ 1. ಯಜಮಾನನಿಗೆ 6, ಅಂದ್ರೆ ಓದಬಹುದು, ಬರೆಯಬಹುದು. ಉಳಿದವರಿಗೆ 4, ಓದಿ ಸುಮ್ಮನಿರಬೇಕು.

ಒಂದು ಲೆಕ್ಕ ಕೊಟ್ಟು ಏಳ್ತೇನೆ. ಐಸ್ ಪ್ಲಾಂಟಿನ ಪೋರ್ಟಿನಲ್ಲಿ ಈಗ 11 ತೋರಿಸ್ತಾ ಉಂಟು. ಯಾವ ಯಾವ ವಯರಿನಲ್ಲಿ ತೊಂದರೆ, ಸೈರನ್ ಕೂಗಬೇಕಾ ಬೇಡವಾ? ಚಿಪ್ ಬೇಡ, ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದು ನೋಡಿ.

ನಮಸ್ಕಾರ.