ಮೊದಲು ಕೆಲಸದ ನಕ್ಷೆ, ಆಮೇಲೆ ಊರಿನ ನಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜನವರಿ, ಫೆಬ್ರವರಿಯಲ್ಲಿ ನಮ್ಮ ಕಲಬುರಗಿಯ ನೆಹರು ಗಂಜ್‌ಗೆ ಹೋಗಿ ನೋಡಿ. ತೊಗರಿ ಚೀಲ ಹೊತ್ತ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಹಮಾಲರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಅಡತಿ ಅಂಗಡಿಗಳ ಮುಂದೆ ಹೆಣ್ಣುಮಕ್ಕಳು ಚೆಲ್ಲಿದ ಕಾಳು ಗುಡಿಸಿ, ಜರಡಿ ಹಿಡಿದು, ಮತ್ತೆ ಚೀಲಕ್ಕೆ ತುಂಬುತ್ತಿರುತ್ತಾರೆ. ಮಳೆಗಾಲದಲ್ಲಿ ಹೋದರೆ ಅಷ್ಟು ಗದ್ದಲ ಇರುವುದಿಲ್ಲ. ಸುಗ್ಗಿಯಲ್ಲಿ ಕೈತುಂಬ ಕೆಲಸ, ಆಮೇಲೆ ಹುಡುಕಾಟ. ನಮ್ಮಲ್ಲಿ ದುಡಿಮೆ ನಡೆಯುವುದೇ ಹೀಗೆ.

ದಾಲ್ ಮಿಲ್ಲುಗಳದ್ದೂ ಇದೇ ಕತೆ. ತೊಗರಿಗೆ ಎಣ್ಣೆ ಹಚ್ಚಿ, ರಾಶಿ ಹಾಕಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಸಿಪ್ಪೆ ಬಿಡಿಸಿ ಒಡೆಯಬೇಕು. ಹರವುವುದಕ್ಕೆ, ಕೈಯಾಡಿಸುವುದಕ್ಕೆ, ಆರಿಸುವುದಕ್ಕೆ ಹಿಂದೆ ಜಾಸ್ತಿ ಜನ ಬೇಕಿತ್ತು. ಈಗ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ ಬಂದಿದೆ. ಯಂತ್ರ ಬೇಡ ಅನ್ನುವುದಕ್ಕೆ ಆಗಲ್ಲ. ಆದರೆ ಆರಿಸುವ ಕೆಲಸ ಕಳೆದುಕೊಂಡವರಿಗೆ ಮುಂದೇನು? ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಆ ಹೆಸರಿನ ಲಾಭ ಊರಿಗೆ ಸಿಗಬೇಕಾದರೆ ಬೇಳೆ ಇಲ್ಲೇ ಸಣ್ಣ ಪ್ಯಾಕೆಟ್ ಆಗಬೇಕು. ಹೊಟ್ಟು, ನುಚ್ಚಿನಿಂದ ಇಲ್ಲೇ ದನದ ಮೇವು ತಯಾರಾಗಬೇಕು. ಇವು ಸುಗ್ಗಿ ಮುಗಿದ ಮೇಲೂ ನಡೆಯುವ ಕೆಲಸಗಳು.

ಕೆಲಸ ಇಲ್ಲದಿದ್ದರೆ ಗುಳೆ. ಆಳಂದ, ಚಿಂಚೋಳಿ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಕುಟುಂಬಗಳು ನಿಮಗೂ ಗೊತ್ತಿರುತ್ತವೆ. ಊರಲ್ಲಿ ಮುದುಕರು, ಮಕ್ಕಳು ಉಳಿಯುತ್ತಾರೆ. ಓದಿದ ಹುಡುಗರು ನಗರದಲ್ಲಿ ರೂಮು ಹಿಡಿದು ಸರ್ಕಾರಿ ಪರೀಕ್ಷೆಗೆ ಓದುತ್ತಾ ಕೂರುತ್ತಾರೆ. ಸಂವಿಧಾನದಲ್ಲಿ 371 ಜೆ ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. ಅದು ದೊಡ್ಡ ಹೋರಾಟದ ಫಲ, ಅದನ್ನು ಉಳಿಸಿಕೊಳ್ಳಲೇಬೇಕು. ಆದರೆ ಹುದ್ದೆ ಕೆಲವು, ಓದುತ್ತಿರುವವರು ಸಾವಿರಾರು.

ಈಗ ಊರಿನ ಬೆಳವಣಿಗೆಯ ಮಾತು. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ 5 ಲಕ್ಷ ದಾಟಿತ್ತು. 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ರಿಂಗ್ ರಸ್ತೆಯ ಆಚೆ ಲೇಔಟ್ ಮೇಲೆ ಲೇಔಟ್ ಏಳುತ್ತಿವೆ, ಕಲ್ಲು ನೆಟ್ಟ ಸೈಟುಗಳೇ ಜಾಸ್ತಿ. ಆದರೆ ಕೈಗಾರಿಕೆ ಇರುವುದು ಕಪನೂರು, ನಂದೂರು ಕಡೆ. ಸಿಮೆಂಟಿನ ಕೆಲಸ ವಾಡಿ, ಸೇಡಂನಲ್ಲಿ. ಮನೆ ಒಂದು ದಿಕ್ಕಿಗೆ, ದುಡಿಮೆ ಇನ್ನೊಂದು ದಿಕ್ಕಿಗೆ. ದಿನಗೂಲಿಯವರಿಗೆ ಆಟೋ ಖರ್ಚೇ ಹೊರೆ ಅಲ್ವಾ?

ಎಂ.ಎಸ್.ಕೆ. ಮಿಲ್ ನೆನಪಿಸಿಕೊಳ್ಳಿ. ನಿಜಾಮರ ಕಾಲದ ಬಟ್ಟೆ ಗಿರಣಿ. ಮುಚ್ಚಿ ದಶಕಗಳಾದರೂ ಆ ಭಾಗವನ್ನು ಜನ ಇವತ್ತಿಗೂ ಮಿಲ್ಲಿನ ಹೆಸರಿಂದಲೇ ಕರೆಯುತ್ತಾರೆ. ಈಗ ಮತ್ತೆ ಬಟ್ಟೆಯ ಮಾತು ಬಂದಿದೆ. 2023ರಲ್ಲಿ ಕೇಂದ್ರ ಸರ್ಕಾರ ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು. ಜಾಗ ಫಿರೋಜಾಬಾದ್ ಕಡೆ, 1000 ಎಕರೆ. ಬಟ್ಟೆ ಹೊಲಿಯುವ ಕೆಲಸಕ್ಕೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಪಾರ್ಕಿನ ಗೇಟು ತೆಗೆಯುವ ಮೊದಲೇ ಕೆಲವು ಸಿದ್ಧವಾಗಿರಬೇಕು: ಹತ್ತಿರದಲ್ಲೇ ಹಾಸ್ಟೆಲ್, ಕೈಗೆಟಕುವ ಬಾಡಿಗೆ ಮನೆ, ಕೂಸುಗಳನ್ನು ಬಿಡಲು ಜಾಗ, ನಮ್ಮ ಐಟಿಐಗಳಲ್ಲಿ ಹೊಲಿಗೆ ಯಂತ್ರ ರಿಪೇರಿಯ ತರಬೇತಿ. ಇಲ್ಲದಿದ್ದರೆ ಪಾರ್ಕು ನಮ್ಮೂರಲ್ಲಿರುತ್ತದೆ, ಕೆಲಸ ಹೊರಗಿನವರಿಗೆ ಹೋಗುತ್ತದೆ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದು ಇಲ್ಲೇ, ಕಲಬುರಗಿಯಲ್ಲೇ. ಆದ್ದರಿಂದ ಮೊದಲ ಬೇಡಿಕೆ ದೊಡ್ಡದೇನಲ್ಲ. ಕಪನೂರಿಗೆ ಪಾಳಿ ಶುರುವಾಗುವ ಹೊತ್ತಿಗೆ ತಲುಪುವ ಬಸ್ಸು, ರಾತ್ರಿ ಪಾಳಿ ಬಿಟ್ಟಾಗ ಗೇಟಿನ ಮುಂದೆ ನಿಂತಿರುವ ಬಸ್ಸು. ನಗರದ ಮಾಸ್ಟರ್ ಪ್ಲಾನಿನ ಸಭೆಗೆ ಹೋದಾಗ ರಸ್ತೆ ಎಷ್ಟು ಅಗಲ ಅಂತ ಕೇಳುವ ಜೊತೆಗೆ, ಆ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಯಾವ ಬಸ್ಸು ಬರುತ್ತದೆ ಅಂತಲೂ ಕೇಳಿ.

ನಮಸ್ಕಾರ.