ಮೊದಲು ಎಣಿಕೆ, ಆಮೇಲೆ ತೂಕ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಮಕ್ಕಳು, ಹಿಂದೆ ಮೇಷ್ಟ್ರು, ಮೇಡಂಗಳು ಕೂತಿದ್ದೀರಿ. ಮಾತು ಇಬ್ಬರಿಗೂ ಸೇರಿದ್ದು. ಆದರೆ ನನ್ನ ತಕರಾರು ಜಾಸ್ತಿ ಇರುವುದು ಹಿಂದಿನ ಸಾಲುಗಳ ಜೊತೆ.

ಸಮೀಕರಣ ಸರಿದೂಗಿಸುವುದು ನಿಮಗೆಲ್ಲ ಬರುತ್ತದೆ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿದರೆ ಎರಡು ನೀರಿನ ಅಣು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಈಗ ಇದಕ್ಕೆ ಉತ್ತರ ಕೊಡಿ. ಎರಡು ಗ್ರಾಂ ಹೈಡ್ರೋಜನ್, ಒಂದು ಗ್ರಾಂ ಆಕ್ಸಿಜನ್ ಕೊಟ್ಟರೆ ಎಷ್ಟು ಗ್ರಾಂ ನೀರು ಆಗುತ್ತದೆ?

ಆ ಮೂಲೆಯಿಂದ ‘ಎರಡು’ ಅಂತ ಕೇಳಿಸಿತು. ಇಲ್ಲೂ ಒಬ್ಬರು ಎರಡು ಬೆರಳು ತೋರಿಸುತ್ತಿದ್ದಾರೆ. ಸರಿ, ಮೂರು ಗ್ರಾಂ ಒಳಗೆ ಹೋಯಿತು, ಎರಡು ಗ್ರಾಂ ಹೊರಗೆ ಬಂತು. ಉಳಿದ ಒಂದು ಗ್ರಾಂ ಎಲ್ಲಿ? ರಾಶಿ, ಅಂದರೆ ನಾವು ತೂಗಿ ನೋಡುವುದು, ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಅಂತ ಇದೇ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದಾರೆ, ಅಲ್ವಾ?

ತಪ್ಪು ಮಕ್ಕಳದ್ದಲ್ಲ. ಸಮೀಕರಣದಲ್ಲಿರುವ ಆ ಎರಡು, ಒಂದು, ಎರಡು ಎನ್ನುವುದು ಎಣಿಕೆ. ಅದು ತೂಕ ಅಲ್ಲ. ಈ ಒಂದು ಮಾತನ್ನು ಬಿಡಿಸಿ ಹೇಳುವ ಮೊದಲೇ ನಾವು ‘ರಾಶಿಯನ್ನು ಮೋಲಾರ್ ರಾಶಿಯಿಂದ ಭಾಗಿಸು’ ಅಂತ ಸೂತ್ರ ಕೈಗಿಟ್ಟು ಮುಂದೆ ಹೋಗಿಬಿಡುತ್ತೇವೆ. ಏನನ್ನು ಭಾಗಿಸುತ್ತಿದ್ದೇವೆ, ಯಾಕೆ ಭಾಗಿಸುತ್ತಿದ್ದೇವೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಇದನ್ನೇ ಹೇಳುತ್ತೇನೆ: ಮೊದಲು ಎಣಿಕೆ, ಆಮೇಲೆ ತೂಕ.

ಹುಂಡಿ ಒಡೆದು ಚಿಲ್ಲರೆ ಸುರಿದರು ಅಂತ ಇಟ್ಟುಕೊಳ್ಳಿ. ಒಂದೊಂದೇ ಎಣಿಸುತ್ತಾ ಕೂತರೆ ಬೆಳಗಾಗುತ್ತದೆ. ಒಂದು ರೂಪಾಯಿದು ಒಂದು ಕಡೆ, ಐದು ರೂಪಾಯಿದು ಒಂದು ಕಡೆ ಗುಡ್ಡೆ ಹಾಕಿ ತೂಗಿದರೆ? ಒಂದು ನಾಣ್ಯದ ತೂಕ ಗೊತ್ತಿದ್ದರೆ ಸಾಕು, ತಕ್ಕಡಿಯೇ ಎಣಿಸಿ ಕೊಡುತ್ತದೆ. ರಸಾಯನ ವಿಜ್ಞಾನಿ ಮಾಡುವುದೂ ಇಷ್ಟೇ. ಆಕ್ಸಿಜನ್ ಅಣು ಹೈಡ್ರೋಜನ್ ಅಣುವಿಗಿಂತ ಹದಿನಾರು ಪಟ್ಟು ಭಾರ. ಹಾಗಾದರೆ 2 ಗ್ರಾಂ ಹೈಡ್ರೋಜನ್‌ನಲ್ಲಿ ಎಷ್ಟು ಅಣುಗಳಿವೆಯೋ 32 ಗ್ರಾಂ ಆಕ್ಸಿಜನ್‌ನಲ್ಲೂ ಅಷ್ಟೇ ಇರುತ್ತವೆ. ಆ ‘ಅಷ್ಟು’ ಅನ್ನುವುದಕ್ಕೆ ಒಂದು ಮೋಲ್ ಅಂತ ಹೆಸರು. ಒಂದು ಮೋಲ್‌ನ ತೂಕವೇ ಆ ಸೂತ್ರದಲ್ಲಿದ್ದ ಮೋಲಾರ್ ರಾಶಿ. 602 ಬರೆದು ಮುಂದೆ 21 ಸೊನ್ನೆ ಹಾಕಿದರೆ ಹೆಚ್ಚುಕಮ್ಮಿ ಆ ಸಂಖ್ಯೆ. ಅಷ್ಟು ನೀರಿನ ಅಣು ಸೇರಿದರೆ ಬರೀ 18 ಗ್ರಾಂ, ಮೂರೂವರೆ ಟೀ ಚಮಚ.

ಈಗ ನನ್ನ ಪ್ರಶ್ನೆಗೆ ಬನ್ನಿ. ಎರಡು ಮೋಲ್ ಹೈಡ್ರೋಜನ್ ಅಂದರೆ 4 ಗ್ರಾಂ. ಅದಕ್ಕೆ ಒಂದು ಮೋಲ್ ಆಕ್ಸಿಜನ್, 32 ಗ್ರಾಂ. ಸೇರಿ 36 ಗ್ರಾಂ ನೀರು. ಅಂದರೆ ಒಂದು ಗ್ರಾಂ ಆಕ್ಸಿಜನ್‌ಗೆ ಬೇಕಾದ ಹೈಡ್ರೋಜನ್ ಒಂದು ಗ್ರಾಂನ ಎಂಟನೇ ಒಂದು ಭಾಗ, 0.125 ಗ್ರಾಂ. ಆಗುವ ನೀರು 1.125 ಗ್ರಾಂ. ಕೊಟ್ಟ ಹೈಡ್ರೋಜನ್‌ನಲ್ಲಿ 1.875 ಗ್ರಾಂ ಹಾಗೇ ಉಳಿಯುತ್ತದೆ. ಕೂಡಿಸಿ ನೋಡಿ, ಸರಿಯಾಗಿ ಮೂರು ಗ್ರಾಂ. ಎಲ್ಲೂ ಏನೂ ಕಳೆದುಹೋಗಿಲ್ಲ.

ಇದು ಮಕ್ಕಳಿಗೆ ಮಾತ್ರ ಬಂದ ಗೊಂದಲ ಅಂದುಕೊಳ್ಳಬೇಡಿ. ಯುರೋಪಿನ ದೊಡ್ಡ ದೊಡ್ಡ ತಲೆಗಳು ಇದರಲ್ಲಿ ಐವತ್ತು ವರ್ಷ ಸಿಕ್ಕಿಹಾಕಿಕೊಂಡಿದ್ದವು. ಈ ಕತೆ ನನಗೆ ತುಂಬಾ ಇಷ್ಟ. ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

ಜಾನ್ ಡಾಲ್ಟನ್ ಪರಮಾಣುಗಳಿಗೆ ತೂಕ ಕೊಡಲು ಹೊರಟಾಗ ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇದೆ ಅಂತ ಇಟ್ಟುಕೊಂಡ. ಸುಲಭವಾದದ್ದೇ ಸರಿ ಎನ್ನುವ ಲೆಕ್ಕ. ತಕ್ಕಡಿ ಹೇಳುವುದು ಇಷ್ಟೇ: ನೀರಿನಲ್ಲಿ ಒಂದು ಪಾಲು ಹೈಡ್ರೋಜನ್‌ಗೆ ಎಂಟು ಪಾಲು ಆಕ್ಸಿಜನ್. ಒಂದಕ್ಕೆ ಒಂದು ಅಂದರೆ ಆಕ್ಸಿಜನ್ ಪರಮಾಣುವಿನ ತೂಕ 8. ಎರಡಕ್ಕೆ ಒಂದು ಅಂದರೆ 16. ಯಾವುದು ಸರಿ? ತಕ್ಕಡಿಯನ್ನು ಎಷ್ಟು ಸಲ ಕೇಳಿದರೂ ಅದು ಉತ್ತರ ಕೊಡುವುದಿಲ್ಲ. ಎಣಿಕೆ ಗೊತ್ತಿಲ್ಲದೆ ತೂಕಕ್ಕೆ ಅರ್ಥ ಇಲ್ಲ. ನಾನು ಬಡಕೊಳ್ಳುತ್ತಿರುವುದೂ ಅದನ್ನೇ.

ಅಷ್ಟರಲ್ಲಿ ಫ್ರಾನ್ಸಿನ ಗೇ ಲುಸಾಕ್ ಅನಿಲಗಳನ್ನು ಅಳೆದ. ಎರಡು ಲೀಟರ್ ಹೈಡ್ರೋಜನ್, ಒಂದು ಲೀಟರ್ ಆಕ್ಸಿಜನ್ ಸೇರಿದರೆ ಎರಡು ಲೀಟರ್ ಹಬೆ. 1811ರಲ್ಲಿ ಇಟಲಿಯ ಅಮೆಡಿಯೊ ಅವೊಗ್ಯಾಡ್ರೊ, ಓದಿದ್ದು ಕಾನೂನು, ಇದನ್ನು ನೋಡಿ ಒಂದು ಮಾತು ಹೇಳಿದ. ಒಂದೇ ಉಷ್ಣತೆ, ಒಂದೇ ಒತ್ತಡ ಇದ್ದರೆ, ಯಾವ ಅನಿಲವೇ ಆಗಲಿ, ಒಂದು ಲೀಟರ್‌ನಲ್ಲಿ ಅಣುಗಳ ಸಂಖ್ಯೆ ಒಂದೇ. ಅಂದರೆ ಅಳತೆಯ ಪಾತ್ರೆಯಿಂದಲೇ ಎಣಿಸಬಹುದು! ಹಾಗಾದರೆ ಒಂದು ಆಕ್ಸಿಜನ್ ಅಣು ಎರಡಾಗಿ ಒಡೆದು ಎರಡು ನೀರಿನ ಅಣುಗಳಿಗೆ ಹಂಚಿಹೋಗಬೇಕು. ಒಂದೇ ಜಾತಿಯ ಎರಡು ಪರಮಾಣುಗಳು ಜೋಡಿಯಾಗಿರುವುದು ಸಾಧ್ಯವೇ ಇಲ್ಲ ಅಂತ ಆ ಕಾಲದ ಹಿರಿಯರು ನಂಬಿದ್ದರು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1856ರಲ್ಲಿ ಅವನು ತೀರಿಕೊಂಡ. ಒಂದು ಮೋಲ್‌ನಲ್ಲಿರುವ ಆ ಎಣಿಕೆಗೆ ಇವತ್ತು ಅವೊಗ್ಯಾಡ್ರೊ ಸಂಖ್ಯೆ ಅಂತಲೇ ಹೆಸರು, ಆದರೆ ಅದು ಎಷ್ಟು ಅಂತ ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ಆ ಹೆಸರಿಟ್ಟವನು ಫ್ರಾನ್ಸಿನ ವಿಜ್ಞಾನಿ ಝಾನ್ ಪೆರಿನ್, 1909ರಲ್ಲಿ.

ಮುಂದೆ ಗೊಂದಲ ಎಷ್ಟು ಬೆಳೆಯಿತು ಗೊತ್ತಾ? ಜರ್ಮನಿಯ ರಸಾಯನ ವಿಜ್ಞಾನಿ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಅಸಿಟಿಕ್ ಆಮ್ಲಕ್ಕೆ, ಅಂದರೆ ನಮ್ಮ ವಿನೆಗರ್‌ನಲ್ಲಿರುವ ಆಮ್ಲಕ್ಕೆ, 19 ಬೇರೆ ಬೇರೆ ಸೂತ್ರಗಳನ್ನು ಪಟ್ಟಿ ಮಾಡಿದ್ದ. ಒಂದೇ ವಸ್ತು, ಹತ್ತೊಂಬತ್ತು ಸೂತ್ರ! ಪರೀಕ್ಷೆಯಲ್ಲಿ ಏನು ಬರೆದರೂ ಅಂಕ ಕೊಡಬೇಕಾಗುತ್ತಿತ್ತು. ಕೊನೆಗೆ 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನ ವಿಜ್ಞಾನಿಗಳು ಸಭೆ ಸೇರಿದರು. ಮೂರು ದಿನ ಚರ್ಚೆ. ಇಟಲಿಯ ಸ್ಟಾನಿಸ್ಲಾವೊ ಕ್ಯಾನಿಝಾರೊ ಎದ್ದು ನಿಂತು, ಅವೊಗ್ಯಾಡ್ರೊ ಹೇಳಿದ್ದನ್ನು ಒಪ್ಪಿಕೊಳ್ಳಿ, ಎಲ್ಲ ಗಂಟೂ ಬಿಚ್ಚುತ್ತದೆ ಅಂತ ವಾದಿಸಿದ. ಸಭೆ ತೀರ್ಮಾನ ಇಲ್ಲದೆ ಮುಗಿಯಿತು. ಆದರೆ ಅವನ ಗೆಳೆಯ ಪವೇಸಿ ಹೊರಡುವವರ ಕೈಗೆ ಒಂದು ಚಿಕ್ಕ ಪುಸ್ತಿಕೆ ಕೊಟ್ಟ. ಅದು ಕ್ಯಾನಿಝಾರೊ ತನ್ನ ವಿದ್ಯಾರ್ಥಿಗಳಿಗೆ ಮಾಡುತ್ತಿದ್ದ ಪಾಠ. ಮೇಷ್ಟ್ರುಗಳೇ, ಇದನ್ನು ಗಮನಿಸಿ. ಅಷ್ಟು ದೊಡ್ಡ ಜಗಳ ತೀರಿಸಿದ್ದು ಒಬ್ಬ ಮೇಷ್ಟ್ರ ಪಾಠದ ಟಿಪ್ಪಣಿ. ಅದನ್ನು ಓದಿದ ಜರ್ಮನಿಯ ರಸಾಯನ ವಿಜ್ಞಾನಿ ಲೋಥರ್ ಮೆಯರ್, ಕಣ್ಣಿನ ಪೊರೆ ಕಳಚಿಬಿದ್ದಂತಾಯಿತು ಅಂತ ಬರೆದ. ಅದೇ ಸಭೆಯಲ್ಲಿ ರಷ್ಯಾದ 26 ವರ್ಷದ ಮೆಂಡಲೀವ್ ಕೂತಿದ್ದ. 1869ರಲ್ಲಿ ಅವನ ಆವರ್ತ ಕೋಷ್ಟಕ ಬಂತು. ಪರಮಾಣು ತೂಕಗಳು ಸರಿಯಾಗದೆ ಅದು ಬರುತ್ತಲೇ ಇರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಯೋಗ ಮಾಡಿಬಿಡೋಣ. ಎರಡು ಬಾಟಲಿ, ಎರಡು ಬಲೂನು. ಎರಡೂ ಬಾಟಲಿಯಲ್ಲಿ 75 ಮಿಲಿಲೀಟರ್ ವಿನೆಗರ್ ಇದೆ, ನೂರಕ್ಕೆ ನಾಲ್ಕರ ಸಾಂದ್ರತೆ. ಅದರಲ್ಲಿರುವ ಆಮ್ಲ 3 ಗ್ರಾಂ, ಒಂದು ಮೋಲ್‌ನ ಇಪ್ಪತ್ತನೇ ಒಂದು ಭಾಗ. ಮೊದಲ ಬಲೂನಿನಲ್ಲಿ 4.2 ಗ್ರಾಂ ಅಡುಗೆ ಸೋಡಾ. ಒಂದು ಮೋಲ್ ಸೋಡಾ 84 ಗ್ರಾಂ, ಹಾಗಾಗಿ ಇದೂ ಇಪ್ಪತ್ತನೇ ಒಂದು ಭಾಗ. ಒಂದಕ್ಕೆ ಒಂದು. ಎರಡನೇ ಬಲೂನಿನಲ್ಲಿ ದುಪ್ಪಟ್ಟು, 8.4 ಗ್ರಾಂ. ಯಾವ ಬಲೂನು ದೊಡ್ಡದಾಗುತ್ತದೆ? ಕೈ ಎತ್ತಿ.

ಸುರಿಯುತ್ತಿದ್ದೇನೆ. ನೊರೆ ಏಳುತ್ತಿದೆ, ಬಾಟಲಿ ತಣ್ಣಗಾಗುತ್ತಿದೆ, ಮುಟ್ಟಿ ನೋಡಮ್ಮ. ಎರಡೂ ಬಲೂನು ಹೆಚ್ಚುಕಮ್ಮಿ ಒಂದೇ ಗಾತ್ರ. ಸೋಡಾ ದುಪ್ಪಟ್ಟಾದರೂ ಅದಕ್ಕೆ ಜೊತೆಯಾಗುವ ಆಮ್ಲದ ಅಣುಗಳು ಅಷ್ಟೇ ಇದ್ದವು. ಈಗ ಎರಡನೇ ಬಲೂನು ತೆಗೆದು ಇನ್ನಷ್ಟು ವಿನೆಗರ್ ಹಾಕುತ್ತೇನೆ. ನೋಡಿ, ಮತ್ತೆ ನೊರೆ! ಉಳಿದ ಸೋಡಾ ಕರಗಿಕೊಂಡು ಕಾಯುತ್ತಿತ್ತು. ಮೊದಲು ಮುಗಿದುಹೋಗಿ ಆಟ ನಿಲ್ಲಿಸಿದ್ದು ಆಮ್ಲ. ಸೀಮಿತ ಪ್ರತಿವರ್ತಕ ಅಂತ ನೀವು ಓದುವುದು ಅದನ್ನೇ.

ಗಾತ್ರದ ಬಗ್ಗೆ ಒಂದು ಮಾತು. ಒಂದು ಮೋಲ್ ಅನಿಲಕ್ಕೆ ಪುಸ್ತಕ ಹೇಳುವ 22.4 ಲೀಟರ್ ಇರುವುದು ಸೊನ್ನೆ ಡಿಗ್ರಿಗೆ. ಮಂಗಳೂರಿನ ಸಮುದ್ರದ ಪಕ್ಕ, 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ ಸುಮಾರು 24.5 ಲೀಟರ್ ಜಾಗ ಹಿಡಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ. ಅಲ್ಲಿ ಅದು 27 ಲೀಟರ್ ಹತ್ತಿರ ಹೋಗುತ್ತದೆ. ಲೀಟರ್ ಬದಲಾಯಿತು, ಎಣಿಕೆ ಬದಲಾಗಲಿಲ್ಲ.

ದ್ರಾವಣದ ಸಾಂದ್ರತೆ, ಟೈಟ್ರೇಷನ್ ಎಲ್ಲ ಹೇಳಬೇಕು ಅಂತಿದ್ದೆ. ಸಮಯ ಇಲ್ಲ. ಉಪ್ಪಿನ ಲೆಕ್ಕ ಒಂದು ಹೇಳಿಬಿಡುತ್ತೇನೆ. ಅಯೋಡಿನ್ ಉಪ್ಪು ನಮ್ಮ ಮನೆಗೆ ಬರುವಾಗ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ಅದರ 214 ಗ್ರಾಂನಲ್ಲಿ ಅಯೋಡಿನ್ 127 ಗ್ರಾಂ. ಹಾಗಾಗಿ ಆ 15 ಮಿಲಿಗ್ರಾಂಗೆ ಸುಮಾರು 25 ಮಿಲಿಗ್ರಾಂ ಅಯೋಡೇಟ್ ಬೇಕು.

ಕೊನೆಗೆ ಮಕ್ಕಳಿಗೆ ಒಂದು ಲೆಕ್ಕ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆ ಸುಣ್ಣಕಲ್ಲಿನಿಂದ ಸಿಮೆಂಟ್ ಮಾಡುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ ಸುಟ್ಟರೆ 56 ಗ್ರಾಂ ಸುಣ್ಣ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಒಂದು ಟನ್ ಶುದ್ಧ ಕಲ್ಲಿಗೆ 440 ಕೆಜಿ ಅನಿಲ ಗಾಳಿಗೆ ಹೋಗುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಕಲ್ಲಿನಲ್ಲಿ ನೂರಕ್ಕೆ 85 ಭಾಗ ಮಾತ್ರ ಕಾರ್ಬೊನೇಟ್ ಇದ್ದರೆ ಎಷ್ಟು ಹೋಗುತ್ತದೆ? ಎಷ್ಟು ಮೋಲ್? ಸೂತ್ರ ಹುಡುಕಬೇಡಿ, ಎಣಿಸಿ. ಉತ್ತರ ಸಿಕ್ಕವರು ಬಂದು ಬೋರ್ಡಿನ ಮೇಲೆ ಬರೆಯಿರಿ, ಚಾಕ್ ಇಲ್ಲೇ ಇದೆ.