ಶಾಸನವನ್ನೂ ಶಿಲ್ಪವನ್ನೂ ಒಟ್ಟಿಗೆ ಓದುವ ತರಗತಿ

ಕೇಳುಗರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ಶುರುವಾಯಿತೆಂದರೆ ನಮ್ಮ ತಾಲೂಕು ಕಾಲೇಜಿನ ಕಚೇರಿ ಮುಂದೆ ನಿಂತ ತಂದೆ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: "ಸಾರ್, ಹಿಸ್ಟರಿ ತಗೊಂಡ್ರೆ ಮುಂದೇನು?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಹಾಸನ ಜಿಲ್ಲೆಯಂಥ ಕಡೆ, ಒಬ್ಬಿಬ್ಬರೇ ಮೇಷ್ಟ್ರು ಇರುವ ಸಣ್ಣ ಕಾಲೇಜಿನಲ್ಲಿ ಇತಿಹಾಸ ಓದಿದರೆ ಏನು ದಕ್ಕುತ್ತದೆ ಎಂಬುದನ್ನು ಹೇಳಬೇಕು.

ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಇತಿಹಾಸವೇ ಬೇರೆ, ಕಲೆಯ ಇತಿಹಾಸವೇ ಬೇರೆ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲೆಯ ಇತಿಹಾಸವನ್ನೇ ವಿಷಯವಾಗಿ ತೆಗೆದುಕೊಂಡು ಓದಬಹುದು. ನಮ್ಮಲ್ಲಿ ಇರುವುದು ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ರಾಜ್ಯಶಾಸ್ತ್ರವೋ ಕನ್ನಡವೋ ಸೇರಿದ ಎಚ್‌ಇಪಿ, ಎಚ್‌ಇಕೆ. ಹೊಯ್ಸಳರ ಯುದ್ಧಗಳನ್ನು ಹೇಳಿದ ಮೇಷ್ಟ್ರೇ ಹೊಯ್ಸಳರ ಶಿಲ್ಪವನ್ನೂ ಹೇಳಬೇಕು. ಇದನ್ನು ಕೊರತೆ ಎನ್ನುವವರೇ ಹೆಚ್ಚು. ನನಗೆ ಮಾತ್ರ ಇದು ಅನುಕೂಲವಾಗಿಯೇ ಕಂಡಿದೆ. ಶಾಸನ ಓದುವವರು ಪಕ್ಕದ ವಿಗ್ರಹವನ್ನು ತಲೆಯೆತ್ತಿ ನೋಡುವುದಿಲ್ಲ. ವಿಗ್ರಹಕ್ಕೆ ಮಾರುಹೋದವರು ಅದರ ಪೀಠದ ಅಕ್ಷರವನ್ನು ಬಗ್ಗಿ ಓದುವುದಿಲ್ಲ. ಒಬ್ಬನೇ ಪಾಠ ಮಾಡುವ ಕಡೆ ಎರಡನ್ನೂ ಒಂದೇ ಗಂಟೆಯಲ್ಲಿ ಜೋಡಿಸಬಹುದು.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನೇ ತೆಗೆದುಕೊಳ್ಳಿ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಇಷ್ಟನ್ನೂ ಅಲ್ಲಿನ ಶಾಸನ ಹೇಳುತ್ತದೆ. ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಹೇಳುತ್ತದೆ. ಶಾಸನ ಹೇಳದೆ ಬಿಟ್ಟಿದ್ದನ್ನು ಕಟ್ಟಡ ಹೇಳುತ್ತದೆ. ಅದರ ಗರ್ಭಗುಡಿಯ ಮೇಲೆದ್ದ ವಿಮಾನ, ಗೋಡೆಯ ವಿನ್ಯಾಸ ನೋಡಿದರೆ ಪಲ್ಲವರು ಕಂಚಿಯಲ್ಲಿ ಕಟ್ಟಿಸಿದ ಕೈಲಾಸನಾಥನ ಗುಡಿ ಕಣ್ಣ ಮುಂದೆ ಬರುತ್ತದೆ. ಅತ್ತ ಕಂಚಿಯ ಆ ಗುಡಿಯ ಕಂಬದ ಮೇಲೆ ಇದೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ: ದೇವರ ಸಂಪತ್ತನ್ನು ನೋಡಿ, ಅದನ್ನು ಒಯ್ಯದೆ ದೇವರಿಗೇ ಬಿಟ್ಟುಕೊಟ್ಟ ಎಂದು. ಯುದ್ಧದಲ್ಲಿ ಗೆದ್ದವರು ಸೋತವರ ಕಲೆಗೆ ಮನಸೋತ ಸಂಗತಿ ಇದು. ರಾಜಕೀಯ ಚರಿತ್ರೆಯನ್ನು ಒಂದು ಸೆಮಿಸ್ಟರ್‌ನಲ್ಲಿ, ವಾಸ್ತುವನ್ನು ಇನ್ನೊಂದು ಸೆಮಿಸ್ಟರ್‌ನಲ್ಲಿ ಹೇಳಿದರೆ ಮಕ್ಕಳಿಗೆ ಇದು ಸಿಕ್ಕುವುದೇ ಇಲ್ಲ.

ಪಟ್ಟದಕಲ್ಲು ನಮಗೆ ದೂರ. ನುಗ್ಗೇಹಳ್ಳಿ ಹತ್ತಿರ. ಚನ್ನರಾಯಪಟ್ಟಣ ತಾಲೂಕಿನ ಆ ಊರಿನಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಅಲ್ಲಿಲ್ಲ. ಮಕ್ಕಳು ಗೋಡೆಯ ಮುಂದೆ ಎಷ್ಟು ಹೊತ್ತು ನಿಂತರೂ ಮುಂದೆ ಸರಿಯಿರಿ ಎನ್ನುವವರಿಲ್ಲ. ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಕೊರಳ ಸರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎಣಿಸುವಂತಿದೆ. ಗೋಡೆಯ ಒಂದು ಕಡೆ ಶಿಲ್ಪಿ ಮಲ್ಲಿತಮ್ಮನ ಕೆಲಸ, ಇನ್ನೊಂದು ಕಡೆ ನಂದಿ ಎಂಬ ಊರಿನ ಬೈಚೋಜನ ಕೆಲಸ. ಹೇಗೆ ಗೊತ್ತು? ವಿಗ್ರಹದ ಕೆಳಗೆ ಅವರೇ ಹೆಸರು ಕೊರೆದಿದ್ದಾರೆ. ಅಕ್ಷರಗಳ ಅಂದಿನ ರೂಪವನ್ನು ಕರಿಹಲಗೆಯ ಮೇಲೆ ಮೊದಲೇ ಬರೆದು ರೂಢಿ ಮಾಡಿಸಿದ್ದರೆ, ಅಲ್ಲಿ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಹಿಡಿದರೆ ಸಾಕು. ಕೊರೆದ ಗೆರೆಯಲ್ಲಿ ನೆರಳು ನಿಂತು ಹೆಸರು ಎದ್ದು ಬರುತ್ತದೆ. ಏಳುನೂರೈವತ್ತು ವರ್ಷಕ್ಕೂ ಹಿಂದಿನ ಕನ್ನಡವನ್ನು ತಾನೇ ಕೂಡಿಸಿ ಓದಿದ ಹುಡುಗಿಯ ಮುಖ ನೋಡಿದ ಮೇಲೆ, ಈ ಕೆಲಸದಲ್ಲಿ ನನಗೆ ಬೇರೆ ಸಂಬಳ ಬೇಕೆನಿಸಿಲ್ಲ.

ಆಮೇಲೆ ಒಂದು ಅಭ್ಯಾಸ ಕೊಡುತ್ತೇನೆ. ಹೆಸರು ನೋಡದೆ, ಇದು ಯಾರ ಕೈ ಎಂದು ಹೇಳಿ. ಮೊದಮೊದಲು ಎಲ್ಲ ವಿಗ್ರಹವೂ ಒಂದೇ ಥರ ಕಾಣುತ್ತವೆ. ನೋಡುತ್ತ ನೋಡುತ್ತ ಕಿರೀಟದ ಎತ್ತರ, ಸೊಂಟದ ಬಾಗು, ಮೇಲೆ ಕವಿದ ಎಲೆಬಳ್ಳಿಯ ದಟ್ಟಣೆ ಬೇರೆ ಬೇರೆಯಾಗಿ ಕಾಣಲು ತೊಡಗುತ್ತವೆ. ಕಲೆಯ ಇತಿಹಾಸ ಶುರುವಾಗುವುದು ಅಲ್ಲಿಂದ.

ಮಲ್ಲಿತಮ್ಮನ ವಿಷಯದಲ್ಲಿ ಇನ್ನೂ ಒಂದು ಗಂಟು ಇದೆ. ಆ ಹೆಸರು 1196ರ ಅಮೃತಾಪುರದ ದೇವಾಲಯದಲ್ಲೂ ಬರುತ್ತದೆ, 1258ರ ಸೋಮನಾಥಪುರದಲ್ಲೂ ಬರುತ್ತದೆ. ನಡುವೆ 62 ವರ್ಷ! ಒಬ್ಬನೇ ಮನುಷ್ಯ ಅಷ್ಟು ಕಾಲ ಉಳಿ ಹಿಡಿದನೆ? ಒಬ್ಬನೇ ಎಂದು ಬರೆದವರಿದ್ದಾರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ, ಹಾಗಾಗಿ ಇಬ್ಬರು ಇದ್ದಿರಬಹುದು ಎಂದು ನಮ್ಮ ಮಕ್ಕಳಲ್ಲಿ ಕೆಲವರು ವಾದಿಸಿದರು. ಆಗ ಬಡಗಿ ಮನೆಯ ಹುಡುಗನೊಬ್ಬ ಎದ್ದು ನಿಂತು ಹೇಳಿದ: "ಸಾರ್, ನಮ್ ತಾತಂಗೆ ಕಣ್ಣು ಕಾಣಲ್ಲ. ಗುರುತು ಹಾಕ್ಕೊಡ್ತಾರೆ, ಉಳಿ ಹೊಡೆಯೋದು ನಮ್ಮಪ್ಪ. ಆದ್ರೂ ಜನ ತಾತನ ಬಾಗಿಲು ಅಂತಾನೇ ಹೇಳೋದು." ಒಂದು ಹೆಸರಿನ ಹಿಂದೆ ಒಂದು ಮನೆಯೇ, ಒಂದು ಕೆಲಸಗಾರರ ತಂಡವೇ ಇರಬಹುದು ಎಂಬುದನ್ನು ನಾನು ಪುಸ್ತಕದಿಂದ ಹೇಳಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಸಣ್ಣ ಕಾಲೇಜಿನ ತರಗತಿಯಲ್ಲಿ ಬಡಗಿಯ ಮಗ, ಕಲ್ಲು ಒಡೆಯುವವರ ಮಗಳು, ದೇವಸ್ಥಾನದ ಅರ್ಚಕರ ಮಗ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವಂತೆ ಮಾಡಿದರೆ ಪಾಠದ ಅರ್ಧ ಭಾಗ ಅಲ್ಲೇ ಆಯಿತು.

ವೀರಗಲ್ಲಂತೂ ಊರೂರಿಗೂ ಉಂಟು. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಶಿವನ ಸನ್ನಿಧಿ, ಪಕ್ಕದಲ್ಲಿ ಸೂರ್ಯಚಂದ್ರರು. ಕೆರೆ ಏರಿಯ ಮೇಲಿನ ಒಂದು ಕಲ್ಲಿನಲ್ಲಿ ಅಕ್ಷರವೆಲ್ಲ ಸವೆದು ಹೋಗಿತ್ತು. ಶಾಸನ ಹೋಯಿತಲ್ಲ ಎಂದು ನಾವು ಹೊರಟಿದ್ದೆವು. ಹುಡುಗಿಯೊಬ್ಬಳು ಮಂಡಿಯೂರಿ ಕೂತು, ಕೆಳಗಿನ ಪಟ್ಟಿಕೆಯ ಮೂಲೆಯಲ್ಲಿ ಬೆರಳುದ್ದದ ದನಗಳ ಸಾಲು ತೋರಿಸಿದಳು. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಅದು. ಬರಹ ಅಳಿದರೂ ಚಿತ್ರ ಉಳಿದಿತ್ತು. ಇಂಥ ಕಲ್ಲಿಗೆ ಊರಿನವರು ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಅವರನ್ನು ಕೇಳದೆ ಮುಟ್ಟಕೂಡದು, ಕೆರೆಯಕೂಡದು, ಸೀಮೆಸುಣ್ಣ ತುಂಬಕೂಡದು.

ನಮ್ಮ ಗ್ರಂಥಾಲಯ ಚಿಕ್ಕದು. ಶಿಲ್ಪದ ಒಳ್ಳೆಯ ಬಣ್ಣದ ಪುಸ್ತಕಗಳ ಬೆಲೆ ನಮ್ಮ ಕೈಗೆಟುಕುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಚಿತ್ರ ಇದ್ದರೂ ಮಸುಕು. ಪ್ರವಾಸಕ್ಕೆ ಬಸ್ಸು ಮಾಡಿಸಲು ಪ್ರತಿ ವರ್ಷ ಓಡಾಡಬೇಕು. ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಶಾಸನ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಇಂದು ಫೋನಿನಲ್ಲೇ ತೆರೆಯುತ್ತವೆ. ಶಾಸನಗಳು ಅಲ್ಲಿ ತಾಲೂಕುವಾರು ಇವೆ. ತೆರೆದು ಕೊಟ್ಟರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಹುಡುಕುವುದು ತನ್ನ ಊರನ್ನು.

ಇನ್ನು ಆ ಪ್ರಶ್ನೆ, ಮುಂದೇನು? ನೌಕರಿ ಖಚಿತ ಎಂದು ನಾನು ಹೇಳಲಾರೆ. ಬಿ.ಎಡ್. ಮಾಡಿ ಮೇಷ್ಟ್ರಾಗುವವರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿದ್ದಾರೆ. ಎಂ.ಎ. ಮಾಡಬಯಸುವವರಿಗೆ ಮೈಸೂರು, ಧಾರವಾಡ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕಚೇರಿ ಮೈಸೂರಿನಲ್ಲೇ ಇದೆ. ಹಳೆಯ ಲಿಪಿ ಓದಬಲ್ಲ ಎಳೆಯರು ಬೇಕಾಗಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ದೂರದಿಂದ ಬಂದವರಿಗೆ ದಂತಕತೆ ಹೇಳಿ ಕಳಿಸದೆ, ಗೋಡೆಯನ್ನೇ ಓದಿ ವಿವರಿಸುವ ಮಾರ್ಗದರ್ಶಿಗಳು ಅಲ್ಲಿ ಬೇಕು.

ಈ ವರ್ಷ ಇತಿಹಾಸಕ್ಕೆ ಸೇರುತ್ತಿರುವ ಮಕ್ಕಳೇ, ತರಗತಿಗೆ ಬರುವ ಮೊದಲು ನಿಮ್ಮ ಊರನ್ನು ಒಂದು ಸುತ್ತು ಹಾಕಿ. ಕೆರೆ ಏರಿ, ಅರಳೀಕಟ್ಟೆ, ಹಾಳುಬಿದ್ದ ಗುಡಿ, ಹೊಲದ ಬದು, ಎಲ್ಲೆಲ್ಲಿ ಕೆತ್ತಿದ ಕಲ್ಲು ನಿಂತಿದೆ ಬರೆದುಕೊಳ್ಳಿ. ಅದರ ಬಗ್ಗೆ ಮನೆಯ ಹಿರಿಯರು ಏನು ಹೇಳುತ್ತಾರೋ ಅದನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ನೋಟ್‌ಬುಕ್ ತನ್ನಿ, ಪಾಠ ಅದರಿಂದಲೇ ಶುರು ಮಾಡೋಣ.

ನಮಸ್ಕಾರ.